ಲಿನಕ್ಸ್ ಅಳವಡಿಸಿದ ಗಣಕಯಂತ್ರಕ್ಕೆ ಇಂಟರ್‌ನೆಟ್ ದೊರೆಯದಿದ್ದಾಗ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಪಾಠ

ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. 2017ಕ್ಕಿಂತ ಹಿಂದಿನ ಬಹುತೇಕ ಗಣಕಯಂತ್ರಗಳು ವಿಂಡೋಸ್ 11ಕ್ಕೆ ನಿಗದಿಪಡಿಸಿದ ಅರ್ಹತೆಯನ್ನು ಹೊಂದಿಲ್ಲ. ಯಂತ್ರ ಸುಸ್ಥಿತಿಯಲ್ಲಿದ್ದರೂ ಅದನ್ನು ವಿಲೇವಾರಿ ಮಾಡಿ ಹೊಸದನ್ನು ಖರೀದಿಸಬೇಕೆಂಬ ಪ್ರಸ್ತಾವನೆ ಸಾಮಾನ್ಯ ಸಭೆಯ ಮುಂದೆ ಬರುವುದು ಇಂತಹ ಸಂದರ್ಭದಲ್ಲಿಯೇ. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಗಳನ್ನು ಅಳವಡಿಸಿಕೊಂಡರೆ ಆ ಯಂತ್ರಗಳು ಇನ್ನೂ ಕೆಲವು ವರ್ಷ ಕೆಲಸಕ್ಕೆ ಬರುತ್ತವೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ, ಉಬುಂಟು ಆಧಾರಿತ ವ್ಯವಸ್ಥೆಯ ಮೇಲೆಯೇ ಮಕ್ಕಳು ಗಣಕ ಕಲಿಯುತ್ತಿದ್ದಾರೆ.

ಆದರೆ ಅಳವಡಿಕೆ ಮುಗಿದೊಡನೆ ಕೇಳಿಬರುವ ಮೊದಲ ದೂರು ಒಂದೇ: "ಇಂಟರ್‌ನೆಟ್ ಬರುತ್ತಿಲ್ಲ." ಅರಿವು ಕೇಂದ್ರದಲ್ಲಿ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಬಂದ ವಿದ್ಯಾರ್ಥಿಗೆ ಕಡೆಯ ದಿನಾಂಕ ಕಾಯುವುದಿಲ್ಲ. ದುರಸ್ತಿಯನ್ನು ಸದಸ್ಯರೇ ಮಾಡಬೇಕಾಗಿಲ್ಲ. ದೋಷ ಎಲ್ಲಿದೆ ಎಂದು ಕೇಳುವ ಕ್ರಮ ಅವರಿಗೆ ತಿಳಿದಿದ್ದರೆ ಅನಗತ್ಯ ವೆಚ್ಚಕ್ಕೆ ಒಪ್ಪಿಗೆ ನೀಡುವ ಪ್ರಸಂಗ ತಪ್ಪುತ್ತದೆ.

1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಮಾರ್ಗ ಎಳೆಯಲಾಯಿತು. ಅಂತಹ ಮಾರ್ಗದಲ್ಲಿ ದೀಪ ಆರಿದರೆ ಗಣಿಯಲ್ಲಿರುವ ಬಲ್ಬನ್ನು ಮಾತ್ರ ನೋಡಿ ಪ್ರಯೋಜನವಿಲ್ಲ. ತುಂಡು ತುಂಡಾಗಿ ಪರೀಕ್ಷಿಸುತ್ತ ಬರಬೇಕು. ಜಾಲ ಸಂಪರ್ಕದ ಪರೀಕ್ಷೆಯೂ ಹೀಗೆಯೇ.

ಮೊದಲ ತುಂಡು ಕಟ್ಟಡದ ಹೊರಗಿನದು. ಭಾರತ್‌ನೆಟ್ ಅಥವಾ ಖಾಸಗಿ ಸಂಸ್ಥೆಯ ಆಪ್ಟಿಕಲ್ ಫೈಬರ್ ಬಂದು ಸೇರುವ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಪಾನ್ ಮತ್ತು ಲಾಸ್ ಎಂಬ ಎರಡು ಸೂಚಕ ದೀಪಗಳಿರುತ್ತವೆ. ಲಾಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಕುಡಿಯುವ ನೀರಿನ ಕೊಳವೆಗೋ ಚರಂಡಿಗೋ ರಸ್ತೆ ಅಗೆದ ಕಡೆ ಎಳೆ ತುಂಡಾಗಿರುವ ಸಾಧ್ಯತೆಯಿದೆ. ಆಗ ಲಿನಕ್ಸ್ ಅನ್ನು ದೂರಿ ಫಲವಿಲ್ಲ. ದೀಪಗಳು ಸರಿಯಿದ್ದರೆ ಒಂದು ಮೊಬೈಲ್‌ನ ಡೇಟಾ ಆರಿಸಿ, ಅದೇ ವೈಫೈಗೆ ಜೋಡಿಸಿ ಯಾವುದಾದರೂ ಪುಟ ತೆರೆಯಬೇಕು. ಡೇಟಾ ಆರಿಸುವುದನ್ನು ಮರೆತರೆ ಫೋನು ತನ್ನ ಸಿಮ್ಮಿನಿಂದಲೇ ಪುಟ ತೋರಿಸಿ ಎಲ್ಲರ ದಿಕ್ಕು ತಪ್ಪಿಸುತ್ತದೆ. ಮೊಬೈಲ್‌ಗೆ ದೊರೆತು ಗಣಕಕ್ಕೆ ದೊರೆಯದಿದ್ದರೆ ದೋಷ ಒಳಗಿನದು.

ಲಿನಕ್ಸ್‌ನಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ವೈಫೈ ಚಿಪ್ಪು. ಬ್ರಾಡ್‌ಕಾಮ್ ಸಂಸ್ಥೆಯ ಕೆಲವು ಹಳೆಯ ಚಿಪ್ಪುಗಳ ಚಾಲಕ ತಂತ್ರಾಂಶ ಮುಕ್ತ ಪರವಾನಗಿಯಲ್ಲಿಲ್ಲದ ಕಾರಣ ಅದು ಮೊದಲಿನಿಂದಲೇ ಸಕ್ರಿಯವಾಗಿರುವುದಿಲ್ಲ. ವೈಫೈ ಪಟ್ಟಿಯೇ ಕಾಣಿಸುವುದಿಲ್ಲ. ಚಾಲಕವನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಚಾಲಕ ಬೇಕು ಎಂಬ ಇಕ್ಕಟ್ಟು ಇಲ್ಲಿಯದು. ಬಿಡಿಸಿಕೊಳ್ಳುವ ಮಾರ್ಗ ಸುಲಭ. ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆದು ಗಣಕಕ್ಕೆ ಸಿಕ್ಕಿಸಬೇಕು. ಕೇಬಲ್ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ತಂತಿಯ ಮೂಲಕ ಜೋಡಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಬೇಕು. ತಂತಿ ದತ್ತಾಂಶವನ್ನೂ ಸಾಗಿಸುವಂಥದಾಗಿರಬೇಕು. ಚಾರ್ಜಿಗೆ ಮಾತ್ರ ಬರುವ ತಂತಿಯಿಂದ ಈ ಕೆಲಸ ಆಗದು. ಸಂಪರ್ಕ ಬಂದ ಮೇಲೆ ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ತೆರೆದರೆ ಬೇಕಾದ ಚಾಲಕದ ಹೆಸರು ಕಾಣುತ್ತದೆ. ಸೆಕ್ಯೂರ್ ಬೂಟ್ ಸಕ್ರಿಯವಾಗಿರುವ ಯಂತ್ರದಲ್ಲಿ ಅಳವಡಿಕೆಯ ವೇಳೆ ಒಂದು ಗುಪ್ತಪದ ಕೇಳಲಾಗುತ್ತದೆ. ಮರುಚಾಲನೆಯ ಹೊತ್ತಿನಲ್ಲಿ ನೀಲಿ ಪರದೆಯಲ್ಲಿ ಅದನ್ನೇ ಮತ್ತೆ ನಮೂದಿಸಬೇಕು. ಗಾಬರಿಯಿಂದ ಆ ಪರದೆಯನ್ನು ದಾಟಿಬಿಟ್ಟರೆ ಚಾಲಕ ಕೆಲಸ ಮಾಡುವುದಿಲ್ಲ.

ವಿಂಡೋಸ್ ಅನ್ನೂ ಉಳಿಸಿಕೊಂಡ ಯಂತ್ರವಾದರೆ ಅದರ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸುವುದು ಲೇಸು. ಲ್ಯಾಪ್‌ಟಾಪ್ ಆದರೆ ಬದಿಯ ವೈಫೈ ಗುಂಡಿಯನ್ನೂ ನೋಡಬೇಕು.

ವೈಫೈ ಜೋಡಣೆಯಾಗಿದೆ ಎಂದು ತೋರಿಸಿದರೂ ಪುಟ ತೆರೆಯದಿರುವುದು ಬೇರೆ ಬಗೆಯ ದೋಷ. ಸಂಪರ್ಕದ ವಿವರದಲ್ಲಿ ಗಣಕಕ್ಕೆ ದೊರೆತ ಐಪಿ ವಿಳಾಸವನ್ನು ನೋಡಬೇಕು. ರೂಟರ್‌ನ ವಿಳಾಸ 192.168.1.1 ಆಗಿದ್ದರೆ ಗಣಕದ್ದು ಸಾಮಾನ್ಯವಾಗಿ 192.168.1ರಿಂದಲೇ ಆರಂಭವಾಗುತ್ತದೆ. ವಿಳಾಸವೇ ಇಲ್ಲದಿದ್ದರೆ, ಅಥವಾ 169.254ರಿಂದ ಆರಂಭವಾಗಿದ್ದರೆ, ರೂಟರ್ ವಿಳಾಸ ಹಂಚಿಲ್ಲವೆಂದು ತಿಳಿಯಬೇಕು. ರೂಟರನ್ನು ಆರಿಸಿ ಒಂದು ನಿಮಿಷ ಬಿಟ್ಟು ಹಚ್ಚಿದರೆ ಎಷ್ಟೋ ಬಾರಿ ಸರಿಹೋಗುತ್ತದೆ. ವಿಳಾಸ ಸರಿಯಿದ್ದರೆ ಟರ್ಮಿನಲ್ ತೆರೆದು ಪಿಂಗ್ ಆಜ್ಞೆಯ ಮುಂದೆ ಮೊದಲು ರೂಟರ್‌ನ ವಿಳಾಸ, ಬಳಿಕ 8.8.8.8, ಆಮೇಲೆ ಒಂದು ಜಾಲತಾಣದ ಹೆಸರು ಬರೆದು ನೋಡಬೇಕು. ಮೊದಲನೆಯದಕ್ಕೇ ಉತ್ತರವಿಲ್ಲದಿದ್ದರೆ ದೋಷ ಕೊಠಡಿಯೊಳಗಿದೆ. ರೂಟರ್ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ಸೇವೆ ಒದಗಿಸುವವರನ್ನು ಕೇಳಬೇಕು. ಎರಡೂ ಉತ್ತರಿಸಿ ಹೆಸರು ಮಾತ್ರ ಸಿಗದಿದ್ದರೆ ಹೆಸರನ್ನು ಅಂಕಿಗೆ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆ ಕೆಟ್ಟಿದೆ. ಸಂಪರ್ಕದ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಎಂದು ನಮೂದಿಸಿದರೆ ಸಾಕು.

ಹಳೆಯ ಯಂತ್ರಗಳಿಗೇ ಸೇರಿದ ಇನ್ನೊಂದು ದೋಷವುಂಟು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್ 2032 ಬ್ಯಾಟರಿ ಬರಿದಾದರೆ, ಪ್ರತಿ ಬಾರಿ ವಿದ್ಯುತ್ ಹೋಗಿಬಂದಾಗ ಗಣಕದ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಬ್ರೌಸರ್ ಸರ್ಕಾರಿ ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ದಿನಾಂಕದೊಂದಿಗೆ ಹೋಲಿಸುವುದರಿಂದ, ಸಂಪರ್ಕ ಸುರಕ್ಷಿತವಲ್ಲವೆಂದು ಹೇಳಿ ಪುಟವನ್ನು ತಡೆಯುತ್ತದೆ. ಲಿನಕ್ಸ್ ಜಾಲದಿಂದ ಸಮಯವನ್ನು ತಾನೇ ಪಡೆಯುತ್ತದೆ, ನಿಜ. ಆದರೆ ಅದಕ್ಕೆ ಮೊದಲೇ ಪುಟ ತೆರೆದವರಿಗೆ ಈ ಎಚ್ಚರಿಕೆ ಕಾಣುತ್ತದೆ. ಸೆಸ್ಕ್ ವಿದ್ಯುತ್ ದಿನಕ್ಕೆ ನಾಲ್ಕು ಬಾರಿ ಹೋದರೆ ದೂರೂ ನಾಲ್ಕು ಬಾರಿ. ನೂರು ರೂಪಾಯಿಯೊಳಗಿನ ಬ್ಯಾಟರಿಯಿಂದ ಮುಗಿಯುವ ಈ ಕೆಲಸಕ್ಕೆ ಹೊಸ ಗಣಕದ ಅಂದಾಜುಪಟ್ಟಿ ಬೇಕಿಲ್ಲ.

ಇಷ್ಟೆಲ್ಲವನ್ನೂ ಅಳವಡಿಕೆಗೆ ಮೊದಲೇ ಪರೀಕ್ಷಿಸಬಹುದೆಂಬುದು ಮುಖ್ಯ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲನೆ ಮಾಡಿ "ಟ್ರೈ" ಎಂಬುದನ್ನು ಆರಿಸಿದರೆ ಹಾರ್ಡ್ ಡಿಸ್ಕ್‌ನಲ್ಲಿರುವ ಯಾವುದೂ ಅಳಿಯುವುದಿಲ್ಲ. ಅಲ್ಲಿ ವೈಫೈ, ಪ್ರಿಂಟರ್, ಧ್ವನಿ ಎಲ್ಲವನ್ನೂ ನೋಡಿ, ಗ್ರಂಥಾಲಯ ಮೇಲ್ವಿಚಾರಕರು ಒಪ್ಪಿದ ಬಳಿಕವೇ ಮುಂದುವರಿಯಬೇಕು. ಕನ್ನಡ ಬೆರಳಚ್ಚಿಗೆ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ಲಭ್ಯ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳನ್ನು ಮೊದಲೇ ಪರಿವರ್ತಿಸಿಕೊಳ್ಳದಿದ್ದರೆ ಅಕ್ಷರಗಳು ಅಸ್ತವ್ಯಸ್ತವಾಗಿ ಕಾಣುತ್ತವೆ.

ಪಂಚಾಯಿತಿ ಕಚೇರಿಯಲ್ಲಿ ಅಧ್ಯಕ್ಷರ ಅಥವಾ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯ ಟೋಕನ್ ಬಳಸುವ ಗಣಕವನ್ನು ಮಾತ್ರ ಈ ಪ್ರಯೋಗಕ್ಕೆ ಒಡ್ಡಬಾರದು. ಆ ಟೋಕನ್‌ಗಳ ತಂತ್ರಾಂಶ ಹಲವು ಬಾರಿ ವಿಂಡೋಸ್‌ಗೆ ಮಾತ್ರ ಸಿದ್ಧಪಡಿಸಿದ್ದಾಗಿರುತ್ತದೆ. ಬಿಲ್ಲು ಪಾವತಿ ನಿಂತರೆ ಕೂಲಿಕಾರರಿಗೂ ಸರಬರಾಜುದಾರರಿಗೂ ತೊಂದರೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಪಂಚಾಯಿತಿಗಳು ಅರಿವು ಕೇಂದ್ರದ ಒಂದು ಹಳೆಯ ಯಂತ್ರದಿಂದ ಆರಂಭಿಸಿ, ತಿಂಗಳ ಮಟ್ಟಿಗೆ ನೋಡಿ, ಆ ಅವಧಿಯಲ್ಲಿ ಬಂದ ದೂರುಗಳ ದಿನಾಂಕ ಮತ್ತು ಕಾರಣವನ್ನು ಒಂದು ವಹಿಯಲ್ಲಿ ಬರೆದಿಟ್ಟು ಸಭೆಯ ಮುಂದೆ ಮಂಡಿಸುವುದು ಸೂಕ್ತ.