ಮರವೇರುವ ಹಗ್ಗದ ದಪ್ಪ

ಮಳೆಗಾಲಕ್ಕೆ ಮುನ್ನ ಮುಂಬಯಿಯಲ್ಲಿ ಕೊಂಬೆ ಕಡಿಯುವ ಕೆಲಸಕ್ಕೆ ಹೋಗುವವರು ಹಗ್ಗ ಕೊಳ್ಳುವಾಗ ಅದು ಎಷ್ಟು ಭಾರ ತಡೆದೀತೆಂದು ಕೇಳಿದರೆ ಸಾಲದು. ತಮ್ಮ ಅಂಗೈಯನ್ನೂ ಕೇಳಬೇಕು. ಮರವೇರಲೆಂದೇ ಹೆಣೆದ ನೈಲಾನ್, ಪಾಲಿಯೆಸ್ಟರ್ ಹಗ್ಗಗಳು ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್ ದಪ್ಪವಿರುತ್ತವೆ. 11ರದು ಹಗುರವೇನೋ ಸರಿ. ಆದರೆ ಮುಷ್ಟಿಗೆ ತುಂಬುವುದಿಲ್ಲ, ಬಿಗಿಹಿಡಿದು ಹಿಡಿದು ಬೆರಳುಗಳು ಮರದ ಮೇಲೆಯೇ ಸೋಲುತ್ತವೆ. 13ರದು ಕೈಗೆ ಹಿತ, ಹೊರಲು ಭಾರ. ತೂಕವು ದಪ್ಪದ ವರ್ಗದಂತೆ ಏರುವುದರಿಂದ (121ಕ್ಕೆ 169) ಎರಡೇ ಮಿಲಿಮೀಟರಿಗೆ ಸುಮಾರು ಶೇಕಡಾ 40 ಹೆಚ್ಚುತ್ತದೆ. ಆದರೂ ದಿನವೆಲ್ಲ ಏರಿಳಿಯುವವನಿಗೆ 12 ಅಥವಾ 13 ಲೇಸೆಂದು ನನ್ನ ಎಣಿಕೆ. ಹಗ್ಗಕ್ಕೆ ಸುತ್ತುವ ಹಿಡಿತದ ಗಂಟಿನ ಹುರಿ ಅದಕ್ಕಿಂತ ತೆಳ್ಳಗಿರಲಿ. ಸಮದಪ್ಪವಾದರೆ ಗಂಟು ಸರಿಯಾಗಿ ಕಚ್ಚುವುದಿಲ್ಲ. ಪೇಟೆಯ ತೆಂಗಿನ ನಾರಿನ ಹಗ್ಗ ಸೌದೆ ಕಟ್ಟಲು ಇರಲಿ. ಅದಕ್ಕೆ ಮೈಭಾರ ಒಪ್ಪಿಸಬೇಡಿ.