ಬಣ್ಣ ಬಿಟ್ಟು ಉಕ್ಕನ್ನು ನೋಡಿ

ಹಳೆಯ ಸೈಕಲ್ ಕಂಡ ಕೂಡಲೇ ಕಣ್ಣು ಹೋಗುವುದು ಬರೆದಿರುವ ಹೆಸರಿನ ಮೇಲೆ. ಹೊಸದಾಗಿ ಕಲಿಯುವವರು ಅದನ್ನು ಕೊನೆಗೆ ಓದುವುದೇ ಒಳ್ಳೆಯದು. ಐವತ್ತು ಅರವತ್ತು ವರ್ಷ ಓಡಿದ ಗಾಡಿಗೆ ಎಷ್ಟು ಸಲ ಬಣ್ಣ ಹೊಡೆಸಿದ್ದಾರೋ ಹೇಳಲಾಗದು. ಸೀಟು, ಪೆಡಲು, ರಿಮ್ಮುಗಳು ಸಿಕ್ಕಿದ ಅಂಗಡಿಯಿಂದ ಬಂದಿರುತ್ತವೆ. ಸುಲಭಕ್ಕೆ ಬದಲಾಗದ್ದು ಫ್ರೇಮು ಒಂದೇ. ಅಲ್ಲಿಂದ ಶುರುಮಾಡಿ, ಬಿಚ್ಚಿ ಹಾಕಬಹುದಾದ ಭಾಗಗಳ ಕಡೆಗೆ ನಿಧಾನವಾಗಿ ಬನ್ನಿ. ನಮ್ಮ ಊರುಗಳಲ್ಲಿ ಈಗಲೂ ಕಾಣಸಿಗುವ, ರಾಡ್ ಬ್ರೇಕಿನ, 28 ಇಂಚು ಚಕ್ರದ ಇಂಗ್ಲಿಷ್ ಮಾದರಿಯ ಕಪ್ಪು ಸೈಕಲ್ಲನ್ನೇ ನೋಡೋಣ.

ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆಯ ಮೇಲೆ ಕಂಪನಿಯ ಬಿಲ್ಲೆ ಇರುತ್ತದೆ. ಬಿಲ್ಲೆ ಬಿದ್ದುಹೋಗಿದ್ದರೂ ರಿವೆಟ್ಟಿನ ತೂತುಗಳು ಉಳಿದಿರುತ್ತವೆ. ಅವುಗಳ ನಡುವಿನ ಅಂತರ ಅಳೆದು ಬರೆದಿಟ್ಟುಕೊಳ್ಳಿ. ಬಿಲ್ಲೆ ಇದ್ದು, ಅದಕ್ಕೆ ಹೊಂದದ ಬೇರೆ ತೂತುಗಳೂ ಕಂಡರೆ, ಅದು ಆಮೇಲೆ ಬಂದು ಕೂತದ್ದೇ ಎಂದು ಅನುಮಾನಿಸಬೇಕು.

ಇನ್ನು ಮುಂದಿನ ಫೋರ್ಕು. ಒಂದೊಂದು ಬದಿಗೂ ಎರಡೆರಡು ಸಣ್ಣ ಕೊಳವೆ ಜೋಡಿಸಿದ್ದರೆ ಅದು ಹಂಬರ್ ಕಂಪನಿಯ ಶೈಲಿ. ಒಮ್ಮೆ ನೋಡಿದವರು ಮರೆಯುವುದಿಲ್ಲ. ರ‍್ಯಾಲಿಯ ಫೋರ್ಕಿಗೆ ಹೆಗಲು ಗುಂಡಗಿರುತ್ತದೆ.

ನನಗೆ ಅತ್ಯಂತ ಪ್ರಿಯವಾದ ಭಾಗ ಚೈನ್ ವ್ಹೀಲ್. ಹಿಂದಿನ ತಯಾರಕರು ತಮ್ಮ ಗುರುತನ್ನು ಅದರ ಉಕ್ಕಿನಲ್ಲೇ ಕೊರೆದಿಡುತ್ತಿದ್ದರು. ರ‍್ಯಾಲಿಯದರಲ್ಲಿ ಕೊಕ್ಕರೆಯ ತಲೆಗಳು, ರಡ್ಜ್‌ದರಲ್ಲಿ ಬಿಡಿಸಿದ ಅಂಗೈ, ಹಂಬರ್‌ದರಲ್ಲಿ ಮನುಷ್ಯಾಕೃತಿಗಳು, ಬಿಎಸ್ಎ ಗಾಡಿಯಲ್ಲಿ ಅದೇ ಮೂರು ಅಕ್ಷರಗಳು. ದಿನಗೂಲಿಗೆ ಹೋಗುವವನ ಸೈಕಲ್ಲಿಗೂ ಇಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದರಲ್ಲ ಎಂದು ಪ್ರತಿ ಸಲವೂ ಗೌರವ ಮೂಡುತ್ತದೆ.

ಆದರೆ ಇಲ್ಲೇ ದಾರಿ ತಪ್ಪುವ ಸಾಧ್ಯತೆಯೂ ಹೆಚ್ಚು. ಚೈನ್ ವ್ಹೀಲ್ ಬಿಚ್ಚಬಹುದಾದ ಭಾಗ. ಮೇಲಾಗಿ ಬರ್ಮಿಂಗ್‌ಹ್ಯಾಮಿನ ಬಂದೂಕು ಕಾರ್ಖಾನೆಯಾಗಿದ್ದ ಬಿಎಸ್ಎ, ಬಿಡಿಭಾಗಗಳನ್ನು ಬೇರೆ ತಯಾರಕರಿಗೂ ಮಾರುತ್ತಿತ್ತು. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳ ಮುದ್ರೆ ಕಂಡ ಮಾತ್ರಕ್ಕೆ ಇಡೀ ಗಾಡಿ ಬಿಎಸ್ಎ ಎನ್ನಬೇಡಿ. ಕಂಪನಿಗಳೂ ಕೈ ಬದಲಾದವು. ನಾಟಿಂಗ್‌ಹ್ಯಾಮಿನ ರ‍್ಯಾಲಿ 1932ರಲ್ಲಿ ಹಂಬರ್ ಸೈಕಲ್ಲನ್ನೂ, 1943ರಲ್ಲಿ ರಡ್ಜ್ ಅನ್ನೂ, 1957ರಲ್ಲಿ ಬಿಎಸ್ಎ ಸೈಕಲ್ ವಿಭಾಗವನ್ನೂ ಕೊಂಡಿತು. ಹಾಗಾಗಿ ಅಂಗೈ ಗುರುತಿನ ಗಾಡಿಯೂ ರ‍್ಯಾಲಿಯವರು ಮಾಡಿದ್ದಿರಬಹುದು. ಹೆಸರು ಯಾರದು, ಕೆಲಸ ಯಾರದು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಿಕೊಳ್ಳಬೇಕು.

ಎರಡನೆಯದಕ್ಕೆ ಪೆಡಲಿನ ಆಕ್ಸಲ್ ಕೂರುವ ಬಿ.ಬಿ. (ಬಾಟಮ್ ಬ್ರಾಕೆಟ್) ಗೂಡು ಒಳ್ಳೆಯ ಸಾಕ್ಷಿ. ಇಂಗ್ಲೆಂಡಿನ ಬಹುಪಾಲು ಸೈಕಲ್ಲುಗಳಲ್ಲಿ ಅಲ್ಲಿ ಇಂಚಿಗೆ 24 ಸ್ಕ್ರೂ ಮರೆಗಳಿದ್ದರೆ, ನಾಟಿಂಗ್‌ಹ್ಯಾಮಿನ ರ‍್ಯಾಲಿಯಲ್ಲಿ 26. ಅಳೆಯಲು ಒಬ್ಬ ಅನುಭವಿ ಮೇಸ್ತ್ರಿಯ ನೆರವು ಬೇಕಾಗುತ್ತದೆ.

ಕಾಲ ತಿಳಿಯಲು ಮೂರು ಗೇರಿನ ಸ್ಟರ್ಮಿ ಆರ್ಚರ್ ಹಬ್ ಇದ್ದರೆ ಅದೃಷ್ಟ. ಅದರ ಮೈಮೇಲೆ ತಯಾರಾದ ವರ್ಷ, ಆಮೇಲಿನವುಗಳಲ್ಲಿ ತಿಂಗಳು ಕೂಡ ಒತ್ತಿರುತ್ತದೆ. 57 ಮತ್ತು 3 ಎಂದಿದ್ದರೆ 1957ರ ಮಾರ್ಚ್. ಅದು ಹಬ್ಬಿನ ವಯಸ್ಸು. ಚಕ್ರ ಬದಲಾಗಿದ್ದರೆ ಗಾಡಿಯ ವಯಸ್ಸು ಬೇರೆ.

ನಮ್ಮಲ್ಲಿ ಸಿಗುವ ಬಹಳಷ್ಟು ಇಂಗ್ಲಿಷ್ ಹೆಸರಿನ ಸೈಕಲ್ಲುಗಳು ಇಂಗ್ಲೆಂಡಿನಿಂದ ಬಂದವೇ ಅಲ್ಲ. ಹರ್ಕ್ಯುಲಿಸ್ಸನ್ನು ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪನೆಯಾದ ಟಿಐ ಸೈಕಲ್ಸ್ ಮಾಡಿತು. ರ‍್ಯಾಲಿಯನ್ನು ಅಸನ್ಸೋಲಿನಲ್ಲಿ ಸೆನ್ ರ‍್ಯಾಲಿ ಮಾಡಿತು. ಬಿಲ್ಲೆಯ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ. ಇಲ್ಲಿಯದು ಎಂದು ತಿಳಿದರೆ ನಿರಾಶರಾಗಬೇಡಿ. ನಮ್ಮ ಹಾಲಿನವರನ್ನೂ ಅಂಚೆಯವರನ್ನೂ ಹೊತ್ತು ತಿರುಗಿದ್ದು ಈ ಗಾಡಿಗಳೇ.

ಮರಳು ಕಾಗದಕ್ಕೆ ಕೈ ಹಾಕುವ ಮುನ್ನ ಎಲ್ಲ ಭಾಗಗಳ ಫೋಟೊ ತೆಗೆದುಕೊಳ್ಳಿ. ಸೀಟಿನ ಕೆಳಗಿನ ಜೋಡಣೆ ಮತ್ತು ಬಿ.ಬಿ. ಗೂಡಿನ ತಳವನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಫ್ರೇಮಿನ ನಂಬರು ಸಾಮಾನ್ಯವಾಗಿ ಅಲ್ಲೆಲ್ಲೋ ಇರುತ್ತದೆ.