ಬೀಗದ ಕೈ ಸಿಗುವ ಮುನ್ನ

‘ನೀವು ಶೇ 20 ಹೊಂದಿಸಿಕೊಳ್ಳಿ ಮೇಡಂ, ಉಳಿದದ್ದು ಬ್ಯಾಂಕು ನೋಡಿಕೊಳ್ಳುತ್ತೆ.’ ಮನೆ ಹುಡುಕುವಾಗ ನಾನು ಎಲ್ಲ ಕಡೆ ಕೇಳಿದ ಮಾತಿದು. 2025ರಲ್ಲಿ ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿಯ ಫ್ಲ್ಯಾಟ್ ಕೊಂಡ ಅನುಭವದಿಂದ ಹೇಳುತ್ತೇನೆ: ಕಡಿಮೆ ಡೌನ್ ಪೇಮೆಂಟ್ ಎಂದರೆ ಕಡಿಮೆ ದುಡ್ಡಿನಲ್ಲಿ ಮನೆ ಸಿಗುತ್ತದೆ ಎಂದು ಯಾರೂ ತಿಳಿಯಬಾರದು.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಮನೆಬೆಲೆಯ ಶೇ 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ನಮ್ಮ ಲೆಕ್ಕಕ್ಕೆ 48 ಲಕ್ಷ ಸಾಲ, 12 ಲಕ್ಷ ಕೈಯಿಂದ. ಆದರೆ ಮನೆ 10 ಲಕ್ಷ ಮೀರಿದ್ದಾದರೆ ಮುದ್ರಾಂಕ ಶುಲ್ಕವನ್ನೂ ನೋಂದಣಿ ಶುಲ್ಕವನ್ನೂ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ. ಅದಷ್ಟೂ ನಮ್ಮ ಉಳಿತಾಯದಿಂದಲೇ ಹೋಗಬೇಕು.

ಆ ಮೊತ್ತ ಚಿಕ್ಕದಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ನಗರವಾದರೆ ಶೇ 2 ಸರ್‌ಚಾರ್ಜ್. ನೋಂದಣಿ ಶುಲ್ಕ ಶೇ 1 ಇತ್ತು. ನಾವು ಮಾತುಕತೆ ಮುಗಿಸಿ ರಿಜಿಸ್ಟ್ರೇಷನ್‌ಗೆ ತಯಾರಾಗುತ್ತಿದ್ದಾಗ, ಆಗಸ್ಟ್ 31ರಿಂದ ಅದು ಶೇ 2 ಆಯಿತು. ಒಂದೇ ಏಟಿಗೆ 60 ಸಾವಿರ ಏರಿತು. ಎಲ್ಲ ಸೇರಿ 4,56,000 ರೂಪಾಯಿ, ಅಂದರೆ ಬೆಲೆಯ ಶೇ 7.6. ಸರ್ಕಾರದ ಮಾರ್ಗಸೂಚಿ ದರ ಖರೀದಿ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕವನ್ನು ಆ ದರದ ಮೇಲೆ ಕಟ್ಟಬೇಕು.

ನಮ್ಮ ಚಿಕ್ಕಪ್ಪ ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದವರು. ‘ಬೆಲೆ ಎಷ್ಟು ಅಂತ ಮಾತ್ರ ಕೇಳ್ಬೇಡಮ್ಮ, ಬೀಗದ ಕೈ ಸಿಗೋ ಹೊತ್ತಿಗೆ ಎಷ್ಟಾಗತ್ತೆ ಅಂತ ಕೇಳು’ ಎಂದು ಪಟ್ಟಿ ಬರೆಸಿದ್ದರು. ಬ್ಯಾಂಕಿನ ಕಡೆಯಿಂದ ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ, ವಕೀಲರ ಅಭಿಪ್ರಾಯ, ಮೌಲ್ಯಮಾಪನ. ಮನೆಪತ್ರ ಒತ್ತೆಯಿಡುವ ದಾಖಲೆಗೂ ಬೇರೆ ಮುದ್ರಾಂಕ ಶುಲ್ಕ. ಬಿಲ್ಡರ್ ಕಡೆಯಿಂದ ಕಾರ್ ಪಾರ್ಕಿಂಗ್, ಬೆಸ್ಕಾಂ ಮತ್ತು ಜಲಮಂಡಳಿ ಸಂಪರ್ಕ, ಕಾರ್ಪಸ್ ಫಂಡ್, ಮುಂಗಡ ನಿರ್ವಹಣಾ ವೆಚ್ಚ. ಆಮೇಲೆ ಖಾತಾ ವರ್ಗಾವಣೆ. 12 ಲಕ್ಷ ಡೌನ್ ಪೇಮೆಂಟಿನ ಮನೆಗೆ ನಮ್ಮ ಕೈಯಿಂದ ಹೋದದ್ದು 20 ಲಕ್ಷದ ಹತ್ತಿರ. ಪಟ್ಟಿ ಮೊದಲೇ ಇದ್ದುದರಿಂದ ಎಫ್‌ಡಿ ಮುರಿಸಿ, ಮಾಡ್ಯುಲರ್ ಕಿಚನ್ ಮುಂದೂಡಿ ನಿಭಾಯಿಸಿದೆವು.

ಸಾಲದ ಜೊತೆ ಒಂದೇ ಕಂತಿನ ವಿಮೆಯನ್ನೂ ಮುಂದಿಟ್ಟರು. ಸಾಲಕ್ಕೆ ಅದು ಕಡ್ಡಾಯವಲ್ಲ. ಪ್ರೀಮಿಯಂ ಸಾಲಕ್ಕೇ ಸೇರಿದರೆ ಅದಕ್ಕೂ ಇಪ್ಪತ್ತು ವರ್ಷ ಬಡ್ಡಿ ಕಟ್ಟಬೇಕು. ನಾವು ಬೇರೆಯಾಗಿ ಟರ್ಮ್ ಪಾಲಿಸಿ ಮಾಡಿಸಿದೆವು.

ಇನ್ನೆರಡು ಸಂಗತಿ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು. ಅದು ಬೆಲೆಯೊಳಗಿನದೇ ಹಣ, ಆದರೆ ತಡವಾದರೆ ಬಡ್ಡಿ, ದಂಡ ನಮ್ಮ ತಲೆಗೆ. ಕಟ್ಟಡ ಮುಗಿದು ಪೂರ್ಣತಾ ಪ್ರಮಾಣಪತ್ರ ಸಿಕ್ಕ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಕಟ್ಟುತ್ತಿರುವ, 45 ಲಕ್ಷ ಮೀರಿದ ಫ್ಲ್ಯಾಟಿಗೆ ಶೇ 5 ಇದೆ. ಅಲ್ಲಿ ಮನೆ ಮುಗಿಯುವವರೆಗೆ ಬಾಡಿಗೆಯೂ ಸಾಲದ ಬಡ್ಡಿಯೂ ಒಟ್ಟಿಗೆ ಬೀಳುತ್ತವೆ.

ಕೊರತೆ ಬಿದ್ದಾಗ ಜನ ಪರ್ಸನಲ್ ಲೋನಿಗೋ ಚಿನ್ನದ ಸಾಲಕ್ಕೋ ಕೈ ಹಾಕುತ್ತಾರೆ. ಗೃಹಸಾಲಕ್ಕಿಂತ ಹೆಚ್ಚು ಬಡ್ಡಿಯ ಆ ಎರಡನೇ ಕಂತು ಹೊಸ ಮನೆಯ ನೆಮ್ಮದಿಯನ್ನೇ ಕಸಿಯುತ್ತದೆ. ಆದ್ದರಿಂದ ಬುಕಿಂಗ್ ಹಣ ಕೊಡುವ ಮುನ್ನ ಬಿಲ್ಡರ್‌ನಿಂದ ಪೂರ್ತಿ ಕಾಸ್ಟ್ ಶೀಟ್ ಬರಹದಲ್ಲಿ ಪಡೆಯಿರಿ. ಬ್ಯಾಂಕಿನಿಂದ ಸಾಲದ ಬಡ್ಡಿ, ಶುಲ್ಕಗಳ ವಿವರವಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಗೃಹಸಾಲಗಳಿಗೆ ಅದನ್ನು ಕೊಡುವುದು ಕಡ್ಡಾಯ. ಎರಡನ್ನೂ ಕೂಡಿಸಿ, ನೋಂದಣಿ ಖರ್ಚು ಸೇರಿಸಿ, ಆರು ತಿಂಗಳ ಕಂತಿನಷ್ಟು ಹಣ ಉಳಿಯುತ್ತದೆಯೇ ನೋಡಿ. ಉಳಿಯದಿದ್ದರೆ ಇನ್ನೊಂದು ವರ್ಷ ಬಾಡಿಗೆ ಮನೆಯಲ್ಲೇ ಇರಿ, ಅದರಿಂದ ನಷ್ಟವಿಲ್ಲ.